ನಮ್ಮ ಬಡಾವಣೆ ಪಾರ್ಕಿಗೆ ದುಡ್ಡು ಬರ್ತಿದೆ, ವಯಸ್ಸಾದವರಿಗೆ ಅಂತ ಏನು ಕೇಳೋಣ? (ತುಮಕೂರು)

ಎಸ್.ಎಸ್.ಪುರಂನವನು:
ನಮ್ಮ ಬಡಾವಣೆ ಪಾರ್ಕು ಸರಿ ಮಾಡಿಸೋಕೆ ಸ್ವಲ್ಪ ದುಡ್ಡು ಬರುತ್ತಿದೆಯಂತೆ. ಭಾನುವಾರ ನಿವಾಸಿಗಳ ಸಭೆ ಇದೆ. ಕಾರಂಜಿ, ಓಪನ್ ಜಿಮ್, ಸೆಲ್ಫಿ ಪಾಯಿಂಟ್ ಅಂತ ಪಟ್ಟಿ ಆಗಲೇ ರೆಡಿಯಾಗಿ ವಾಟ್ಸಾಪಲ್ಲಿ ಓಡಾಡುತ್ತಿದೆ. ಅಮ್ಮನನ್ನ ಕೇಳಿದೆ. "ಕೂತ್ರೆ ಎದ್ದೇಳೋಕಾಗೋ ಬೆಂಚು ಹಾಕ್ಸಪ್ಪ, ಸಾಕು" ಅಂದರು. ಪಾರ್ಕು ನಮ್ಮ ಮನೆಯಿಂದ ಕೂಗಳತೆ ದೂರದಲ್ಲಿದೆ, ಆದರೂ ಮಂಡಿನೋವು ಶುರುವಾದ ಮೇಲೆ ಅಲ್ಲಿಗೆ ಹೋಗೋದೇ ಬಿಟ್ಟಿದ್ದಾರೆ. ಅಮಾನಿಕೆರೆ ಪಾರ್ಕಿಗೆ ಕರ್ಕೊಂಡು ಹೋಗಿ ಅಂತ ಕೆಲವರು ಹೇಳುತ್ತಾರೆ. ಚೆನ್ನಾಗೇ ಇದೆ, ಆದರೆ ದಿನಾ ಆಟೋ ಮಾಡ್ಕೊಂಡು ವಾಕಿಂಗ್ ಹೋಗೋಕಾಗುತ್ತಾ? ನಿಮ್ಮ ಮನೆ ಹಿರಿಯರು ಏನು ಕೇಳುತ್ತಾರೆ ಹೇಳಿ.

ನಿವೃತ್ತ ಮೇಷ್ಟ್ರು:
ಟಾಯ್ಲೆಟ್. ಮೊದಲು ಅದನ್ನ ಬರೆಸಿ, ಆಮೇಲೆ ಮಿಕ್ಕಿದ್ದು.

ಯಾರೂ ಬಾಯಿ ಬಿಟ್ಟು ಹೇಳಲ್ಲ. ಶುಗರ್ ಇರುವವರು, ಬಿಪಿಗೆ ನೀರು ಇಳಿಸುವ ಮಾತ್ರೆ ತಗೊಳ್ಳುವವರು, ಪ್ರಾಸ್ಟೇಟ್ ತೊಂದರೆ ಇರುವ ನನ್ನಂಥ ಗಂಡಸರು, ನಾವೆಲ್ಲ ಮನೆ ಬಾತ್‌ರೂಮ್ ಎಷ್ಟು ದೂರ ಇದೆ ಅಂತ ಲೆಕ್ಕ ಹಾಕಿಯೇ ಹೆಜ್ಜೆ ಇಡೋದು. ನಮ್ಮ ಕಡೆ ಪಾರ್ಕಲ್ಲಿ ಟಾಯ್ಲೆಟ್ ಕಟ್ಟಿದ್ದಾರೆ, ಟೈಲ್ಸ್ ಹಾಕಿದ್ದಾರೆ, ಬೀಗವನ್ನೂ ಹಾಕಿದ್ದಾರೆ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿದರೆ ಒಬ್ಬರ ಮೇಲೊಬ್ಬರು ಹೇಳುತ್ತಾರೆ. ಇನ್ನೊಂದು, ಬೆಳಗ್ಗೆ ಹತ್ತಕ್ಕೆ ಗೇಟು ಮುಚ್ಚಬೇಡಿ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೇ ತಾನೇ ನಮಗೆ ಹೊತ್ತು ಹೋಗದಿರೋದು.

ಫಿಸಿಯೋ, ಬಟವಾಡಿ:
ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಬೆಂಚು ನೆಲದಿಂದ ಸುಮಾರು ಒಂದೂವರೆ ಅಡಿ, ಅಂದರೆ 45 ಸೆಂ.ಮೀ. ಎತ್ತರ ಇರಲಿ. ಬೆನ್ನಿಗೆ ಆಸರೆ ಬೇಕು, ಎರಡೂ ಕಡೆ ಕೈ ಊರೋಕೆ ಹಿಡಿ ಬೇಕು. ಆ ಹಿಡಿ ಇಲ್ಲದಿದ್ದರೆ ಮಂಡಿನೋವಿನವರು ಎದ್ದೇಳೋಕೆ ಪಕ್ಕದವರ ಭುಜವನ್ನೇ ಹಿಡೀಬೇಕು. ನಮ್ಮಲ್ಲಿ ಎಲ್ಲಿ ನೋಡಿದರೂ ದಾನಿಗಳ ಹೆಸರು ಕೆತ್ತಿದ ಚಪ್ಪಟೆ ಕಲ್ಲು. ತೀರಿಹೋದವರ ನೆನಪಿಗೆ ಹಾಕಿಸಿದ ಬೆಂಚಲ್ಲಿ ಬದುಕಿರೋ ಮುದುಕರು ಕೂರೋಕಾಗಲ್ಲ! ಏಪ್ರಿಲ್‌ನಲ್ಲಂತೂ ಬಿಸಿಲಿಗೆ ಕಾದಿರುತ್ತೆ, ಮರದ ನೆರಳು ನೋಡಿ ಹಾಕಿಸಿ.

ಕಾಲಿಗೆ ಒಳ್ಳೇದು ಅಂತ ಬೆಣಚುಕಲ್ಲಿನ ದಾರಿ ಮಾಡಿಸಬೇಡಿ, ದಯವಿಟ್ಟು. ಹಳೇ ಶುಗರ್ ಇರುವವರಿಗೆ ಪಾದ ಜೋಮು ಹಿಡಿದಿರುತ್ತೆ, ಗಾಯ ಆದರೂ ಗೊತ್ತಾಗಲ್ಲ. ಬರಿಗಾಲಲ್ಲಿ ಅದರ ಮೇಲೆ ನಡೆದು ಹುಣ್ಣು ಮಾಡ್ಕೊಂಡು ಬರುತ್ತಾರೆ.

ಜಿಮ್ ಪೂರ್ತಿ ಬೇಡ ಅನ್ನಲ್ಲ. ವಯಸ್ಸಾದವರು ಬೀಳದ ಹಾಗೆ ಬ್ಯಾಲೆನ್ಸ್ ಕಸರತ್ತನ್ನು ವಾರಕ್ಕೆ ಮೂರು ದಿನವಾದರೂ ಮಾಡಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅದಕ್ಕೆ ಗಟ್ಟಿಯಾದ ಒಂದು ಕಂಬಿ ಸಾಕು, ಹಿಡ್ಕೊಂಡು ಒಂಟಿ ಕಾಲಲ್ಲಿ ನಿಲ್ಲೋಕೆ.

ಕುವೆಂಪು ನಗರದ ಗೃಹಿಣಿ:
ಎಲ್ಲರೂ ಮಂಡಿ, ಬಿಪಿ ಅಂತಲೇ ಮಾತಾಡ್ತಿದ್ದೀರಿ. ನಮ್ಮತ್ತೆಗೆ ಬೇಕಿರೋದು ಹೂವು. ಪಾರ್ಕಲ್ಲಿ ದಾಸವಾಳ ಇದೆ, ಪಕ್ಕದಲ್ಲೇ "ಹೂ ಕೀಳಬಾರದು" ಬೋರ್ಡೂ ಇದೆ. ಬೆಳಗ್ಗೆ ಆರಕ್ಕೆ ಸೆರಗಲ್ಲಿ ನಾಲ್ಕು ಹೂ ಮುಚ್ಚಿಟ್ಕೊಂಡು ಕಳ್ಳರ ಹಾಗೆ ಬರುತ್ತಾರೆ ಪಾಪ. ಒಂದು ಮೂಲೇಲಿ ಪಾರಿಜಾತ ಹಾಕಿಸಿ, ತಾನಾಗೇ ಉದುರುತ್ತೆ, ಕೀಳೋ ಪ್ರಶ್ನೆನೇ ಇಲ್ಲ.

ಹಾಗೇ ಬೆಂಚುಗಳನ್ನ ಸಾಲಾಗಿ ಹಾಕಬೇಡಿ. ಎದುರುಬದುರು ಹಾಕಿ. ಹೆಂಗಸರು ಮಾತಾಡೋಕೇ ಅಲ್ವಾ ಬರೋದು. ಮಂಟಪವನ್ನ ಇಸ್ಪೀಟಿನವರು ಹಿಡಿದರೆ ಸಂಜೆ ಆಮೇಲೆ ಒಬ್ಬ ಹೆಂಗಸೂ ಆ ಕಡೆ ಸುಳಿಯಲ್ಲ, ಇದನ್ನೂ ಸಭೆಯಲ್ಲಿ ಹೇಳಿ.

ಸಿವಿಲ್ ಕೆಲಸದವನು:
ಟಾಯ್ಲೆಟ್ ಕಟ್ಟೋದು ಸುಲಭ, ತೊಳೆಯೋರು ಯಾರು? ದಿನಾ ತೊಳೆಯೋ ವ್ಯವಸ್ಥೆ ಇಲ್ಲದಿದ್ದರೆ ಪಕ್ಕದ ಮನೆಯವರೇ ಮುಚ್ಚಿಸಿ ಅಂತ ಗಲಾಟೆ ಮಾಡುತ್ತಾರೆ, ನೋಡಿದ್ದೀನಿ. ಕಟ್ಟೋ ದುಡ್ಡಿನ ಜೊತೆ ನಿರ್ವಹಣೆ ದುಡ್ಡೂ ಬರೆಸಿ.

ದಾರಿಗೆ ಪಾಲಿಶ್ ಗ್ರಾನೈಟ್ ಬೇಡ, ಮಳೆ ಬಂದರೆ ಜಾರುತ್ತೆ. ಇಂಟರ್‌ಲಾಕ್ ಟೈಲ್ಸ್ ಮರದ ಬುಡಕ್ಕೆ ಒತ್ತಿ ಹಾಕಿದರೆ ಬೇರು ಎಬ್ಬಿಸುತ್ತೆ, ಎಡವೋದು ಅಲ್ಲೇ. ಬೈಕ್ ನುಗ್ಗದ ಹಾಗೆ ಗೇಟಲ್ಲಿ ಅಡ್ಡ ಕಂಬಿ ಹಾಕುತ್ತಾರಲ್ಲ, ವೀಲ್‌ಚೇರೂ ಅಲ್ಲೇ ನಿಲ್ಲುತ್ತೆ. ಮೂರು ಅಡಿ ಜಾಗ ಬಿಡಿಸಿ. ರ‍್ಯಾಂಪ್ ಒಂದು ಅಡಿ ಏರೋಕೆ ಹನ್ನೆರಡು ಅಡಿ ಉದ್ದ ಬೇಕು, ಸುಮ್ನೆ ಎರಡು ಬಾಂಡ್ಲಿ ಸಿಮೆಂಟ್ ಸುರಿದರೆ ಅದು ರ‍್ಯಾಂಪ್ ಅಲ್ಲ.

ಎಸ್.ಎಸ್.ಪುರಂನವನು:
ಎಲ್ಲರಿಗೂ ಥ್ಯಾಂಕ್ಸ್. ಕಾರಂಜಿ ಬಿಟ್ಟು ಅದೇ ದುಡ್ಡಲ್ಲಿ ಟಾಯ್ಲೆಟ್, ಬೆಂಚು ಅಂತ ಕೇಳುತ್ತೇನೆ. ಪಾರಿಜಾತದ ಮಾತು ಕೇಳಿದ ಮೇಲೆ ಅಮ್ಮ ಬೆಂಚು ಮರೆತು ಅದರ ಹಿಂದೇನೇ ಬಿದ್ದಿದ್ದಾರೆ. ತುಮಕೂರಲ್ಲಿ ಒಳ್ಳೆ ಸಸಿ ಎಲ್ಲಿ ಸಿಗುತ್ತೆ?

ಕುವೆಂಪು ನಗರದ ಗೃಹಿಣಿ:
ದುಡ್ಡು ಕೊಟ್ಟು ತರಬೇಡಿ. ನಮ್ಮ ಮರದ ಬೀಜ ಬಿದ್ದು ಕೆಳಗೇ ಸಸಿ ಎದ್ದಿದೆ, ಮಳೆ ಹಿಡಿದ ಮೇಲೆ ಬಂದು ತಗೊಂಡು ಹೋಗಿ.