ಹಳೇಬೀಡಿನಲ್ಲಿ ಮಕ್ಕಳಿಗೆ ಏನನ್ನು ತೋರಿಸಬೇಕು?

ಪ್ರಶ್ನೆ: ಐದು ಮತ್ತು ಎಂಟು ವರ್ಷದ ಮಕ್ಕಳೊಂದಿಗೆ ಬೇಲೂರು, ಹಳೇಬೀಡಿಗೆ ಹೊರಟಿದ್ದೇವೆ. ಕಳೆದ ಸಲ ಬೇರೊಂದು ದೇವಾಲಯದಲ್ಲಿ ರಾಜರ ಹೆಸರು, ಇಸವಿಗಳನ್ನಷ್ಟೇ ಕೇಳಿ ಅವರು ಬೇಸತ್ತಿದ್ದರು. ಅವರ ಆಸಕ್ತಿಯನ್ನು ಉಳಿಸಿಕೊಳ್ಳುವುದು ಹೇಗೆ, ದಯವಿಟ್ಟು ತಿಳಿಸಿ.

ಉತ್ತರ 1: ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಬುಡದಲ್ಲಿ ಸಾಗುವ ಆನೆಗಳ ಸಾಲಿನಿಂದಲೇ ಆರಂಭಿಸಿ. ಒಂದರ ಸೊಂಡಿಲಿಗೂ ಪಕ್ಕದ್ದರ ಸೊಂಡಿಲಿಗೂ ಏನು ವ್ಯತ್ಯಾಸವೆಂದು ಹುಡುಕಲು ಹೇಳಿದರೆ, ನನ್ನ ಮಗಳಂತೆ ಅವರೂ ಗೋಡೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತುಬಿಡುತ್ತಾರೆ. ಕೈಲಾಸವನ್ನೆತ್ತುವ ರಾವಣನನ್ನು ಮಾತ್ರ ತಪ್ಪಿಸಬೇಡಿ. ಕಥೆಯನ್ನು ಮನೆಯಲ್ಲೇ ಹೇಳಿರಿ, ಅವನನ್ನು ಅವರೇ ಗುರುತಿಸಲಿ.

ಉತ್ತರ 2: ಈ ದೇವಾಲಯಗಳನ್ನು ಕಟ್ಟಿರುವ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಅಷ್ಟು ಸೂಕ್ಷ್ಮವಾದ ಆಭರಣಗಳನ್ನು ಕೆತ್ತಲು ಸಾಧ್ಯವಾದದ್ದು ಇದರಿಂದಲೇ ಎಂಬುದನ್ನು, ಶಿಲ್ಪವನ್ನು ಮುಟ್ಟದೆಯೇ, ಕೈಯಲ್ಲಿನ ಬಳಪವೊಂದರಿಂದ ವಿವರಿಸಬಹುದು.

ಉತ್ತರ 3: ಬೇಲೂರಿನ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ ನಡೆಯುವುದರಿಂದ ಅಜ್ಜಿ-ತಾತಂದಿರನ್ನೂ ಕರೆದೊಯ್ಯಿರಿ. ಬಿಸಿಲೇರಿದರೆ ಬರಿಗಾಲಿಗೆ ಹಾಸುಗಲ್ಲು ಸುಡುತ್ತದೆ. ಬೆಳಿಗ್ಗೆಯೇ ಹೋಗುವುದು ಒಳ್ಳೆಯದು.