ಸಹಾಯ ಬೇಕು: ಬಿಯರ್ಡೆಡ್ ಡ್ರ್ಯಾಗನ್‌ಗೆ ರಾತ್ರಿ ಹೀಟರ್ ಬೇಕಾ?

ನಮಸ್ಕಾರ. ನಾವು ಮೆಲ್ಬರ್ನ್‌ನಲ್ಲಿದ್ದೇವೆ. ಮಗಳು ಸಾಕಿರುವ ಬಿಯರ್ಡೆಡ್ ಡ್ರ್ಯಾಗನ್‌ಗೆ (ಒಂದು ಜಾತಿಯ ಹಲ್ಲಿ) ಈಗ ಎರಡು ವರ್ಷ. ಜುಲೈ ಚಳಿ ಶುರುವಾದಾಗಿಂದ ಸರಿಯಾಗಿ ತಿನ್ನುತ್ತಿಲ್ಲ. ಬೆಳಿಗ್ಗೆ ಎತ್ತಿಕೊಂಡರೆ ಹೊಟ್ಟೆ ತಣ್ಣಗಿರುತ್ತದೆ, ಗಡ್ಡ (ಗಂಟಲ ಕೆಳಗಿನ ಚರ್ಮ) ಕಪ್ಪಾಗಿರುತ್ತದೆ. ನೋಡಿದರೆ ಕರುಳು ಚುರ್ ಅನ್ನುತ್ತದೆ.

ಹಗಲು ತೊಂದರೆಯಿಲ್ಲ. ಅದರ ಪೆಟ್ಟಿಗೆಯಲ್ಲಿ ಬಲ್ಬಿನ ಕೆಳಗಿನ ಕಲ್ಲು 40 ಡಿಗ್ರಿ, ಇನ್ನೊಂದು ತುದಿ 25. ಯುವಿಬಿ ಟ್ಯೂಬ್ (ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ ದೀಪ) ಹೊಸದು, ದಿನಕ್ಕೆ 12 ಗಂಟೆ ಹಾಕಿಡುತ್ತೇವೆ. ಆದರೆ ರಾತ್ರಿ ಎಲ್ಲ ಆರಿಸಿದ ಮೇಲೆ ಪೆಟ್ಟಿಗೆ 14ಕ್ಕೆ ಇಳಿಯುತ್ತದೆ. ಕೆಂಪು ಬಲ್ಬ್ ಹಾಕಿ ನೋಡಿದೆ, ಪಾಪ, ಕಣ್ಣು ಬಿಟ್ಟುಕೊಂಡೇ ಕೂತಿತ್ತು. ತೆಗೆದುಬಿಟ್ಟೆ.

ಮರುಭೂಮಿಯ ಪ್ರಾಣಿ, ರಾತ್ರಿ ಚಳಿ ತಡೆಯುತ್ತದೆ ಅಂತ ಕೆಲವರು ಹೇಳುತ್ತಾರೆ. 14 ಜಾಸ್ತಿ ಚಳಿ ಅಲ್ವಾ? ಬೆಳಕಿಲ್ಲದ ಸೆರಾಮಿಕ್ ಹೀಟರ್ ಹಾಕಿದರೆ ಥರ್ಮೋಸ್ಟಾಟ್ ಎಷ್ಟು ಡಿಗ್ರಿಗೆ ಇಡಬೇಕು? ಸಾಕಿ ಅನುಭವ ಇರುವವರು ದಯವಿಟ್ಟು ತಿಳಿಸಿ.