ದೃಶ್ಯ ಕಣ್ಣು ಕುಕ್ಕುವ ಹಾಗಿದ್ದರೆ ಕಥೆ ಸಪ್ಪೆಯಾದರೂ ನಡೆಯುತ್ತದಾ?

ಕೊನೇಸಾಲಿನವಳು:

ಮೊನ್ನೆ ಶನಿವಾರ ಒಂದು ದೊಡ್ಡ ಬಜೆಟ್ಟಿನ ಫ್ಯಾಂಟಸಿ ಸಿನಿಮಾ ನೋಡಿದೆ. ಹೆಸರು ಬೇಡ, ಹೇಳಿದರೆ ಇಲ್ಲಿ ಬರೀ ಅಭಿಮಾನಿಗಳ ಜಗಳ ಶುರುವಾಗುತ್ತದೆ. ದೊಡ್ಡ ಪರದೆ, ಒಳ್ಳೆ ಸೌಂಡು. ಮೊದಲ ಹತ್ತು ನಿಮಿಷ ಬಾಯಿ ಬಿಟ್ಟುಕೊಂಡು ಕೂತಿದ್ದೆ. ಮೋಡದ ಮೇಲೆ ಒಂದು ಊರು. ಅದರ ಅಡಿಗೆ ಸರಪಳಿಯಲ್ಲಿ ಕಟ್ಟಿದ ನೂರಾರು ದೋಣಿಗಳು ಗಾಳಿಗೆ ತೂಗಾಡುತ್ತಿವೆ, ಒಂದೊಂದು ದೋಣಿಯಲ್ಲೂ ಒಂದು ಸಣ್ಣ ದೀಪ. ಇದೊಂದು ಶಾಟ್‌ಗೇ ಟಿಕೆಟ್ ದುಡ್ಡು ವಸೂಲಾಯಿತು ಅಂದುಕೊಂಡೆ.

ಆಮೇಲೆ ಕಥೆ ಶುರುವಾಯಿತು ನೋಡಿ. ಅಪ್ಪನ ಸಾವಿಗೆ ಸೇಡು, ಕಳೆದುಹೋದ ಕತ್ತಿ, ಎಲ್ಲ ಗೊತ್ತಿದ್ದೂ ಬಾಯಿ ಬಿಡದ ಮುದುಕ. ಸರಿ, ಇರಲಿ. ಆದರೆ ಯಾರು ಎಲ್ಲಿಗೆ ಯಾಕೆ ಹೊರಟಿದ್ದಾರೆ ಅಂತ ಅರ್ಥವಾಗುವಷ್ಟರಲ್ಲಿ ಇನ್ನೊಂದು ಯುದ್ಧ, ಅದು ಮುಗಿಯುವಷ್ಟರಲ್ಲಿ ಮತ್ತೊಂದು ಲೋಕ. ಕೊನೆಯ ಅರ್ಧ ಗಂಟೆ ಪರದೆಯ ಮೇಲೆ ಊರಿಗೆ ಊರೇ ಉರಿಯುತ್ತಿತ್ತು, ನಾನು ಮನೆಗೆ ಹೋಗಿ ಬಟ್ಟೆ ಒಗೆಯಬೇಕಲ್ಲ ಅಂತ ಯೋಚನೆ ಮಾಡುತ್ತಿದ್ದೆ.

ಸೋಮವಾರ ಯಾರೋ "ನಾಯಕನ ತಂಗಿ ಕೊನೆಗೆ ಏನಾದಳು?" ಅಂತ ಕೇಳಿದರು. ಅವನಿಗೊಬ್ಬಳು ತಂಗಿ ಇದ್ದಳು ಅನ್ನುವುದೇ ನನಗೆ ಮರೆತುಹೋಗಿತ್ತು! ದೋಣಿಗಳು ಮಾತ್ರ ಹಾಗೇ ಕಣ್ಣ ಮುಂದೆ ಇವೆ.

ನನ್ನ ಗೆಳತಿ ಹೇಳುವುದು, ಸಿನಿಮಾ ಅಂದರೆ ನೋಡುವುದಕ್ಕೆ ಇರುವುದು, ಕಥೆ ಬೇಕಿದ್ದರೆ ಪುಸ್ತಕ ಓದು ಅಂತ. ನನಗೆ ಒಪ್ಪಿಗೆಯಾಗಲಿಲ್ಲ, ಆದರೆ ತಿರುಗಿ ಏನು ಹೇಳಬೇಕು ಅಂತಲೂ ಹೊಳೆಯಲಿಲ್ಲ. ನೀವೇನಂತೀರಿ? ಚಂದದ ದೃಶ್ಯ ಕೆಟ್ಟ ಕಥೆಯನ್ನು ಉಳಿಸಬಲ್ಲದಾ, ಇಲ್ಲ ಸುಮ್ನೆ ಎರಡು ಗಂಟೆ ನಮ್ಮನ್ನು ಯಾಮಾರಿಸುತ್ತದಾ?

ಬೆಳಕಿನಹುಚ್ಚ:

ನಿಮ್ಮ ಗೆಳತಿ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ ಇದೆ. ಸಿನಿಮಾ ಹುಟ್ಟಿದಾಗ ಕಥೆ ಎಲ್ಲಿತ್ತು ಹೇಳಿ? 1895ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ಲೂಮಿಯೇರ್ ಸೋದರರು ದುಡ್ಡು ತಗೊಂಡು ಜನಕ್ಕೆ ತೋರಿಸಿದ್ದು ಒಂದೊಂದು ನಿಮಿಷವೂ ಇಲ್ಲದ ತುಣುಕುಗಳನ್ನು. ಕಾರ್ಖಾನೆಯ ಬಾಗಿಲು ತೆರೆಯುತ್ತದೆ, ಕೆಲಸದವರು ಹೊರಗೆ ಬರುತ್ತಾರೆ. ಅಷ್ಟೇ. ಮಗುವಿಗೆ ಅಪ್ಪ ಅಮ್ಮ ತಿನ್ನಿಸುವ ಇನ್ನೊಂದು ತುಣುಕಿದೆ, ಅದರಲ್ಲಿ ಹಿಂದೆ ಗಾಳಿಗೆ ಎಲೆ ಅಲ್ಲಾಡುವುದನ್ನು ನೋಡಿಯೇ ಜನ ಬೆರಗಾಗಿದ್ದರು ಅನ್ನುತ್ತಾರೆ. ಬರೀ ಎಲೆ!

ಆಮೇಲೆ 1929ರಲ್ಲಿ ಸೋವಿಯತ್ ದೇಶದ ಜಿಗಾ ವರ್ಟೊವ್ ಒಂದು ಸಿನಿಮಾ ಮಾಡಿ, ಇದರಲ್ಲಿ ಕಥೆ ಇಲ್ಲ, ನಟರಿಲ್ಲ, ನಡುವೆ ಓದುವುದಕ್ಕೆ ಅಕ್ಷರಗಳೂ ಇಲ್ಲ ಅಂತ ಶುರುವಿನಲ್ಲೇ ಹೇಳಿಬಿಟ್ಟ. ಇವತ್ತಿಗೂ ಅದನ್ನು ಸಿನಿಮಾ ಶಾಲೆಗಳಲ್ಲಿ ತೋರಿಸುತ್ತಾರೆ. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ 1968ರಲ್ಲಿ ಮಾಡಿದ ಬಾಹ್ಯಾಕಾಶದ ಸಿನಿಮಾದಲ್ಲಿ ಮೊದಲ ಮಾತು ಕೇಳುವುದಕ್ಕೆ ಹೆಚ್ಚು ಕಡಿಮೆ 25 ನಿಮಿಷ ಕಾಯಬೇಕು. ಅವನು ಇಡೀ ಜೀವಮಾನದಲ್ಲಿ ಗೆದ್ದ ಒಂದೇ ಆಸ್ಕರ್ ಅದರ ವಿಶೇಷ ದೃಶ್ಯಗಳಿಗೆ ಸಿಕ್ಕಿದ್ದು.

ಹಾಗಾಗಿ "ಕಥೆ ಇಲ್ಲದಿದ್ದರೆ ಸಿನಿಮಾನೇ ಅಲ್ಲ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನೀವು ನೋಡಿದ ಸಿನಿಮಾದ ತೊಂದರೆ ಬೇರೆ. ಅದು ಕಥೆ ಹೇಳುತ್ತೇನೆ ಅಂತ ಮಾತು ಕೊಟ್ಟು, ಅರ್ಧಕ್ಕೆ ಕೈ ಕೊಟ್ಟಿತು. ಆ ದೋಣಿಗಳನ್ನೇ ಎರಡು ಗಂಟೆ ತೋರಿಸಿದ್ದರೆ ನಾನಂತೂ ಖುಷಿಯಾಗಿ ನೋಡುತ್ತಿದ್ದೆ.

ಮಧ್ಯಂತರದಲ್ಲಿಎದ್ದವ:

ಎರಡು ಗಂಟೆ ದೋಣಿಯಾ? ದೇವರೇ.

ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು. ಇದಕ್ಕಿಂತ ಜಾಸ್ತಿ ಹೇಳುವುದಕ್ಕೆ ಏನೂ ಇಲ್ಲ. ಟ್ರೇಲರ್ ಮೂರು ನಿಮಿಷದ್ದು, ಅದರಲ್ಲಿ ಚಂದದ್ದೆಲ್ಲ ಹಾಕಿರುತ್ತಾರೆ. ಅದನ್ನು ನೋಡಿ ಸುಮ್ಮನಾದರೆ ದುಡ್ಡೂ ಉಳಿಯಿತು, ಸಮಯವೂ ಉಳಿಯಿತು.

ರೋಟೋಕೂಲಿ:

ನಾನು ಹೊಟ್ಟೆಪಾಡಿಗೆ ಮಾಡುವುದೇ ಈ ಗ್ರಾಫಿಕ್ಸ್ ಕೆಲಸ, ಅದರಲ್ಲೂ ರೋಟೋ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಶೂಟ್ ಆದ ದೃಶ್ಯದಲ್ಲಿ ನಟರ ಅಂಚನ್ನು ಒಂದೊಂದು ಫ್ರೇಮಿನಲ್ಲೂ ಗೆರೆ ಎಳೆದು ಬಿಡಿಸಬೇಕು, ಆಗಲೇ ಅವರ ಹಿಂದೆ ಬೆಟ್ಟವನ್ನೋ ಅರಮನೆಯನ್ನೋ ತಂದು ಕೂರಿಸಲು ಆಗುವುದು. ಒಂದು ಸೆಕೆಂಡಿಗೆ 24 ಫ್ರೇಮ್. ಕೆಲವು ವರ್ಷದ ಹಿಂದೆ ನನ್ನ ಪಾಲಿಗೆ ಒಂದು ಶಾಟ್ ಬಂತು, 4 ಸೆಕೆಂಡಿನದು, ಅಂದರೆ 96 ಫ್ರೇಮ್. ಮಳೆಯಲ್ಲಿ ನೆನೆದ ಹುಡುಗಿಯೊಬ್ಬಳು ತಲೆ ತಿರುಗಿಸಿ ಹಿಂದೆ ನೋಡುತ್ತಾಳೆ. ನೋಡುವವರಿಗೆ ಅಷ್ಟೇ. ನನಗೆ ಮಾತ್ರ ಕೆನ್ನೆಗೆ ಅಂಟಿದ ಒದ್ದೆ ಕೂದಲು, ತಲೆ ತಿರುಗುವಾಗ ಅದು ಎಳೆ ಎಳೆಯಾಗಿ ಬಿಟ್ಟುಕೊಳ್ಳುವುದು, ಅದರ ಮೇಲೆ ಕ್ಯಾಮೆರಾ ಅಲುಗಾಡಿದ ಮಸುಕು, ಇದರ ನಡುವೆ ಮಳೆಹನಿ ಬೇರೆ. ಮೂರು ವಾರ ಹಿಡಿಯಿತು. ಎರಡು ಸಲ ವಾಪಸ್ ಬಂತು, ಕಿವಿಯ ಹತ್ತಿರ ಅಂಚು "ಕುದಿಯುತ್ತಿದೆ" ಅಂತ. ಗೆರೆ ಫ್ರೇಮಿನಿಂದ ಫ್ರೇಮಿಗೆ ಒಂಚೂರು ನಡುಗಿದರೂ ನಮ್ಮಲ್ಲಿ ಹಾಗನ್ನುತ್ತಾರೆ. ರಾತ್ರಿ ಕಣ್ಣು ಮುಚ್ಚಿದರೂ ಕೂದಲೇ ಕಾಣುತ್ತಿತ್ತು.

ಸಿನಿಮಾ ಬಂತು. ಮೊದಲ ದಿನವೇ ಹೋದೆ. ನನ್ನ ಶಾಟ್ ಬರುವ ಹೊತ್ತಿಗೆ ಸರಿಯಾಗಿ ಪಕ್ಕದ ಸೀಟಿನವನು ಬಗ್ಗಿ ಕತ್ತಲಲ್ಲಿ ಚಪ್ಪಲಿ ಹುಡುಕುತ್ತಿದ್ದ.

ಅವನ ತಪ್ಪಲ್ಲ. ಆ ಹುಡುಗಿ ಯಾರು, ಯಾರನ್ನು ಬಿಟ್ಟು ಹೊರಟಿದ್ದಾಳೆ, ಯಾಕೆ ತಿರುಗಿ ನೋಡಿದಳು ಅನ್ನುವುದೆಲ್ಲ ಅದಕ್ಕೂ ಮುಂಚಿನ ದೃಶ್ಯದಲ್ಲಿತ್ತು. ಸಿನಿಮಾ ಉದ್ದವಾಯಿತು ಅಂತ ಆ ದೃಶ್ಯವನ್ನು ತೆಗೆದುಹಾಕಿದ್ದರು. ನನ್ನ ಶಾಟ್ ಚೆನ್ನಾಗಿ ಕಾಣುತ್ತದೆ ಅಂತ ಅದನ್ನು ಮಾತ್ರ ಉಳಿಸಿಕೊಂಡಿದ್ದರು. ನಾನು ಮೂರು ವಾರ ಬಿಡಿಸಿದ ಹುಡುಗಿ ಪರದೆಯ ಮೇಲೆ ಯಾರೋ ಒಬ್ಬಳು ಒದ್ದೆಯಾದ ಹುಡುಗಿ.

ಇದು ಎಷ್ಟೋ ಸಲ ಹೀಗೇ ಆಗುತ್ತದೆ, ಯಾಕೆ ಅಂತಲೂ ಹೇಳುತ್ತೇನೆ. ದೊಡ್ಡ ಸಿನಿಮಾಗಳಲ್ಲಿ ಬಿಡುಗಡೆ ದಿನಾಂಕ ಮೊದಲೇ ನಿಂತುಬಿಟ್ಟಿರುತ್ತದೆ. ಗ್ರಾಫಿಕ್ಸ್ ಶಾಟ್‌ಗಳಿಗೆ ತಿಂಗಳುಗಟ್ಟಲೆ ಬೇಕು, ಹಾಗಾಗಿ ಎಡಿಟಿಂಗ್ ಮುಗಿಯುವುದಕ್ಕೆ ಮುಂಚೆಯೇ ಅವನ್ನು ನಮ್ಮಂಥವರಿಗೆ ಕಳಿಸಬೇಕು. ಆಮೇಲೆ ಕೂತು ನೋಡಿದಾಗ ಕಥೆ ಎಲ್ಲೋ ಕುಂಟುತ್ತಿದೆ ಅಂತ ಗೊತ್ತಾದರೂ, ಅಷ್ಟು ದುಡ್ಡು ಸುರಿದ ಶಾಟನ್ನು ಬಿಸಾಕುವುದಕ್ಕೆ ಯಾರಿಗೆ ಮನಸ್ಸು ಬರುತ್ತದೆ? ಕತ್ತರಿ ಬೀಳುವುದು ಇಬ್ಬರು ಕೋಣೆಯಲ್ಲಿ ಕೂತು ಮಾತಾಡುವ ದೃಶ್ಯಕ್ಕೆ, ಯಾಕಂದರೆ ಅದು ಅಗ್ಗ. ಕಥೆ ಇರುವುದು ಅಲ್ಲೇ ಅನ್ನುವುದು ಬೇರೆ ಮಾತು.

ಅಕ್ಕನ ಮಗಳು ಮೊನ್ನೆ ಒಂದು ಹಳೇ ಬೊಂಬೆ ಸಿನಿಮಾ ನೋಡುತ್ತಿದ್ದಳು. ಬೊಂಬೆಗೆ ಕಟ್ಟಿದ ದಾರ ಎದ್ದು ಕಾಣುತ್ತಿತ್ತು, ನನ್ನ ಕಣ್ಣು ಸೀದಾ ದಾರಕ್ಕೇ ಹೋಯಿತು, ಕೆಲಸದ ರೋಗ. ಬೊಂಬೆ ನಾಯಿ ಸತ್ತಾಗ ಅವಳು ಗೊಳೋ ಅಂತ ಅತ್ತಳು.

ಬೆಳಕಿನಹುಚ್ಚ:

@ರೋಟೋಕೂಲಿ ಚಪ್ಪಲಿ ವಿಷಯ ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆದರೆ ಒಂದು ಕೇಳುತ್ತೇನೆ. 2009ರ ಅವತಾರ್ ನೆನಪಿದೆ ಅಲ್ವಾ? ಕಥೆ ಹಳೇದು, ಎಲ್ಲೋ ನೋಡಿದ ಹಾಗಿದೆ ಅಂತ ಎಲ್ಲರೂ ಬೈದರು. 9 ಆಸ್ಕರ್ ನಾಮನಿರ್ದೇಶನ ಬಂತು, ಅದರಲ್ಲಿ ಚಿತ್ರಕಥೆ ಇರಲೇ ಇಲ್ಲ. ಗೆದ್ದ ಮೂರೂ ಕಣ್ಣಿಗೆ ಸಂಬಂಧಪಟ್ಟವೇ: ಛಾಯಾಗ್ರಹಣ, ಕಲಾ ನಿರ್ದೇಶನ, ವಿಷುವಲ್ ಎಫೆಕ್ಟ್ಸ್. ಗಳಿಕೆಯಲ್ಲಿ ಅಲ್ಲಿಯವರೆಗಿನ ದಾಖಲೆಯೆಲ್ಲ ಮುರಿಯಿತು. ಮತ್ತೆ ಇದಕ್ಕೇನು ಹೇಳುತ್ತೀರಿ?

ಕತ್ತರಿಕೈ:

ನಾನು ಕಿರುಚಿತ್ರಗಳನ್ನು ಎಡಿಟ್ ಮಾಡುತ್ತೇನೆ, ಅದಕ್ಕೆ ಒಂದು ಮಾತು ಹೇಳಲೇಬೇಕು. ನೀವೆಲ್ಲ ಎರಡು ಬೇರೆ ಬೇರೆ ವಿಷಯವನ್ನು ಒಂದೇ ಚೀಲಕ್ಕೆ ತುಂಬುತ್ತಿದ್ದೀರಿ. ಕಥೆ ಬೇರೆ, ಕಥೆ ಹೇಳುವುದು ಬೇರೆ.

ಅವತಾರ್ ಕಥೆ ಹಳೇದು, ನಿಜ. ಆದರೆ ಹೇಳಿದ ರೀತಿಯಲ್ಲಿ ಎಲ್ಲೂ ಗೊಂದಲ ಇಲ್ಲ. ಕಾಲಿಲ್ಲದ ಹಾಗಾದ ಒಬ್ಬ ಸೈನಿಕ ಹೊಸ ಮೈಯೊಳಗೆ ಹೊಕ್ಕು ಮೊದಲ ಸಲ ಓಡುತ್ತಾನೆ, ಕಾಲ್ಬೆರಳನ್ನು ಮಣ್ಣಿನೊಳಗೆ ಊರುತ್ತಾನೆ. ಅವನಿಗೆ ಆ ಲೋಕ ಯಾಕೆ ಬೇಕು ಅನ್ನುವುದನ್ನು ಒಂದು ಮಾತೂ ಇಲ್ಲದೆ ಆ ಬೆರಳುಗಳೇ ಹೇಳಿದವು. ಅದು ಗ್ರಾಫಿಕ್ಸ್, ಅದೇ ನಿರೂಪಣೆ ಕೂಡ. ಹಳೇ ಕಥೆಯನ್ನು ನೆಟ್ಟಗೆ ಹೇಳಿದರೆ ಜನ ಕೂತು ನೋಡುತ್ತಾರೆ, ಹೊಸ ಕಥೆಯನ್ನು ಕಲಸುಮೇಲೋಗರ ಮಾಡಿದರೆ ಎದ್ದು ಹೋಗುತ್ತಾರೆ.

ಇನ್ನೊಂದು ನೋಡಿ, 2015ರ ಮ್ಯಾಡ್ ಮ್ಯಾಕ್ಸ್. ಕಥೆ ಏನು? ಒಂದು ಕಡೆ ಹೋಗುತ್ತಾರೆ, ಅದೇ ದಾರಿಯಲ್ಲಿ ವಾಪಸ್ ಬರುತ್ತಾರೆ. ಕಾಗದದ ಮೇಲೆ ಎರಡು ಸಾಲು. ಆದರೆ ಎಡಿಟರ್ ಮಾರ್ಗರೆಟ್ ಸಿಕ್ಸೆಲ್ ಮುಂದೆ ಬಂದು ಬಿದ್ದದ್ದು ಸುಮಾರು 480 ಗಂಟೆಯಷ್ಟು ಚಿತ್ರೀಕರಣ. ಅದನ್ನು ಎರಡು ಗಂಟೆಗೆ ಇಳಿಸಿ ಆಸ್ಕರ್ ಗೆದ್ದರು. ನೋಡಬೇಕಾದ್ದನ್ನು ಆದಷ್ಟೂ ಪರದೆಯ ನಡುವಿಗೇ ಇಟ್ಟು ಶೂಟ್ ಮಾಡಿದ್ದರಿಂದ ಶಾಟ್ ಎಷ್ಟು ಬೇಗ ಬದಲಾದರೂ ಕಣ್ಣು ಹುಡುಕಾಡುವುದಿಲ್ಲ. ಯಾವ ಗಾಡಿ ಯಾರನ್ನು ಅಟ್ಟಿಸಿಕೊಂಡು ಬರುತ್ತಿದೆ ಅಂತ ಎಲ್ಲೂ ತಪ್ಪಿಹೋಗುವುದಿಲ್ಲ. ಇದೆಲ್ಲ ಕಥೆ ಹೇಳುವ ಕೆಲಸವೇ, ಬರೀ ಥಳುಕಲ್ಲ.

ಹಾಗಂತ ಚಂದದ ದೃಶ್ಯ ಎಲ್ಲವನ್ನೂ ಗೆಲ್ಲಿಸುತ್ತದೆ ಅಂತಲೂ ಅಲ್ಲ. ನಮ್ಮ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರನ್ನೇ ತಗೊಳ್ಳಿ. 1959ರ ಕಾಗಝ್ ಕೆ ಫೂಲ್, ಭಾರತದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ ಸಿನಿಮಾ. ಖಾಲಿ ಸ್ಟುಡಿಯೋ, ಮೇಲಿನಿಂದ ಇಳಿಯುವ ಒಂದೇ ಒಂದು ಬೆಳಕಿನ ಕೋಲು, ಅದರಲ್ಲಿ ತೇಲುವ ಧೂಳು. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ ಒಳಗೆ ತಂದು ಅದನ್ನು ಮಾಡಿದ್ದು. ಇಬ್ಬರು ದೂರ ದೂರ ನಿಂತಿದ್ದಾರೆ, ಒಂದು ಮಾತಾಡುವುದಿಲ್ಲ, ಆಡಲಾಗದ್ದೆಲ್ಲ ಆ ಬೆಳಕಿನಲ್ಲಿದೆ. ಇಷ್ಟಿದ್ದರೂ ಆಗ ಸಿನಿಮಾ ಓಡಲಿಲ್ಲ. ಇವತ್ತು ಅದರ ಕಥೆಯನ್ನು ಅರ್ಧಂಬರ್ಧ ನೆನಪಿಟ್ಟವರೂ ಆ ಬೆಳಕನ್ನು ಮರೆತಿಲ್ಲ. ಮೂರ್ತಿಯವರಿಗೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು, ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರೇ. ಇದನ್ನು ಸೋಲು ಅನ್ನುತ್ತೀರೋ ಗೆಲುವು ಅನ್ನುತ್ತೀರೋ, ನನಗಂತೂ ಇನ್ನೂ ಗೊತ್ತಾಗಿಲ್ಲ.

@ಕೊನೇಸಾಲಿನವಳು ನಿಮಗೊಂದು ಕೆಲಸ ಕೊಡುತ್ತೇನೆ. ನಾನು ಎಡಿಟ್ ಮುಗಿದ ಮೇಲೆ ಯಾವಾಗಲೂ ಸೌಂಡ್ ಪೂರ್ತಿ ತೆಗೆದು ಒಂದು ಸಲ ನೋಡುತ್ತೇನೆ. ಯಾರಿಗೆ ಯಾರ ಮೇಲೆ ಸಿಟ್ಟು, ಯಾರು ಏನು ಮುಚ್ಚಿಡುತ್ತಿದ್ದಾರೆ ಅಂತ ತಿಳಿದರೆ ಸರಿ. ತಿಳಿಯದಿದ್ದರೆ ಮತ್ತೆ ಕೂರುತ್ತೇನೆ. ನಿಮ್ಮ ಆ ಸಿನಿಮಾ ಮೊಬೈಲಿಗೋ ಟಿವಿಗೋ ಬಂದಾಗ ಹಾಗೇ ಮ್ಯೂಟ್ ಮಾಡಿ ನೋಡಿ.

ಮಧ್ಯಂತರದಲ್ಲಿಎದ್ದವ:

ಸೌಂಡ್ ಇದ್ದಾಗಲೇ ನೋಡಲಾಗದ್ದನ್ನು ಸೌಂಡ್ ಇಲ್ಲದೆ ನೋಡಬೇಕಂತೆ. ಒಳ್ಳೆ ಶಿಕ್ಷೆ ಕೊಟ್ಟಿರಿ ಪಾಪ ಆಕೆಗೆ.

ರೋಟೋಕೂಲಿ:

@ಕತ್ತರಿಕೈ ಕಾಲ್ಬೆರಳು ಮಣ್ಣಿಗೆ ಊರುವ ಶಾಟ್! ನಮ್ಮ ಕೆಲಸದವರೆಲ್ಲ ಅದರ ಬಗ್ಗೆ ಮಾತಾಡುವುದು ಮಣ್ಣು ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂತ. ಅವನು ಯಾಕೆ ಬೆರಳು ಊರಿದ ಅಂತ ನಾನು ಇವತ್ತಿನವರೆಗೆ ಯೋಚಿಸಿರಲಿಲ್ಲ ಮಾರಾಯ್ರೇ.

ಕೊನೇಸಾಲಿನವಳು:

ಎಲ್ಲರಿಗೂ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ, ಯಾಕಂದರೆ ಸಿನಿಮಾ ಟಿವಿಗೆ ಬರುವವರೆಗೆ ಕಾದೆ. ನಿನ್ನೆ ರಾತ್ರಿ ಮ್ಯೂಟ್ ಮಾಡಿ ಹಾಕಿದೆ.

ಮೊದಲನೇದು, ದೋಣಿಗಳು ಟಿವಿಯಲ್ಲಿ ಏನೂ ಅಲ್ಲ. ದೀಪಗಳು ಸಾಸಿವೆ ಕಾಳಿನ ಹಾಗೆ ಕಂಡವು. ಥಿಯೇಟರಿನಲ್ಲಿ ಮೈ ಜುಮ್ಮೆಂದದ್ದು ಅರ್ಧ ಪರದೆಯ ದೊಡ್ಡತನಕ್ಕೆ, ಇನ್ನರ್ಧ ಆ ಸಂಗೀತಕ್ಕೆ ಅಂತ ಈಗ ಗೊತ್ತಾಯಿತು. ಯುದ್ಧಗಳಂತೂ ಯಾರದ್ದೋ ಬೇರೆಯವರ ವಿಡಿಯೋ ಗೇಮ್ ನೋಡಿದ ಹಾಗಿತ್ತು. ನಡುವೆ ಹದಿನೈದು ನಿಮಿಷ ನಿದ್ದೆಯೂ ಮಾಡಿದೆ.

ಎದ್ದಾಗ ಒಂದು ಸಣ್ಣ ದೃಶ್ಯ ನಡೆಯುತ್ತಿತ್ತು. ಥಿಯೇಟರಿನಲ್ಲಿ ಇದನ್ನು ನೋಡಿದ ನೆನಪೇ ಇಲ್ಲ, ಬಹುಶಃ ಆಗ ತಮಟೆ ನಗಾರಿ ಎಲ್ಲ ಒಟ್ಟಿಗೆ ಬಾರಿಸುತ್ತಿದ್ದರು. ನಾಯಕ ಊರು ಬಿಟ್ಟು ಹೊರಟಿದ್ದಾನೆ, ಹಿಂದೆ ಸೈನ್ಯ, ಧೂಳು, ಬಾವುಟ. ಪರದೆಯ ಮೂಲೆಯಲ್ಲಿ ಒಂದು ಕಿಟಕಿ. ಅಲ್ಲಿ ಅವನ ತಂಗಿ ನಿಂತಿದ್ದಾಳೆ. ಕೈ ಬೀಸುವುದಕ್ಕೆ ಎತ್ತುತ್ತಾಳೆ, ಅವನು ನೋಡುವುದಿಲ್ಲ, ಎತ್ತಿದ ಕೈಯನ್ನು ಹಾಗೇ ತಲೆಗೆ ತಂದು ಕೂದಲು ಸರಿಮಾಡಿಕೊಳ್ಳುತ್ತಾಳೆ. ಆಮೇಲೆ ಕಿಟಕಿ ಮುಚ್ಚುತ್ತಾಳೆ. ಎಲ್ಲ ಸೇರಿ ಐದು ಸೆಕೆಂಡೂ ಇಲ್ಲ. ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆ.

@ರೋಟೋಕೂಲಿ, ಆ ಕೂದಲನ್ನೂ ನಿಮ್ಮಂಥವರೇ ಯಾರೋ ಬಿಡಿಸಿರುತ್ತಾರಾ?